ಉಡದ ಎದೆಬಡಿತ, ಇಲ್ಲದ ಬಿಸಿಲು

ನನ್ನ ಮೇಜಿನ ಮೇಲೆ, ಪೆನ್ನು ನಿಲ್ಲಿಸುವ ಸ್ಟೀಲ್ ಲೋಟದ ಪಕ್ಕದಲ್ಲಿ, ಹುಣಸೆಬೀಜಕ್ಕಿಂತ ತುಸು ದೊಡ್ಡದಾದ ಯಂತ್ರವೊಂದು ಕೂತಿದೆ. ಅಂಟಿನ ಜೊತೆ ಒಂದು ಚೂರು ಪೊರೆ ಅದಕ್ಕಿನ್ನೂ ಮೆತ್ತಿಕೊಂಡಿದೆ. ಒರೆಸಲು ಕೈ ಬರುತ್ತಿಲ್ಲ. ಇದನ್ನು ಕಂಡಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ ಮಿತ್ರರೇ, ಯಾಕೆಂದು ನಿಮ್ಮ ಹತ್ತಿರವಾದರೂ ಹೇಳಿಬಿಡುತ್ತೇನೆ.

ಭಾರತೀನಗರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು ನಾನು. ಅರಣ್ಯ ಇಲಾಖೆಯ ಅನುಮತಿ ಪಡೆದು, ಜವರಮ್ಮನವರ ಕಬ್ಬಿನ ಗದ್ದೆಯ ಬದುವಿನಲ್ಲಿ ವಾಸವಾಗಿದ್ದ ಉಡವೊಂದರ ಎದೆಯ ಪಕ್ಕಕ್ಕೆ ಇದನ್ನು ಅಂಟಿಸಿ, ಅದನ್ನು ಅದರ ಪಾಡಿಗೆ ತಿರುಗಲು ಬಿಟ್ಟಿದ್ದೆ. ಅದರ ಎದೆಬಡಿತ ತಂತಿಯಿಲ್ಲದೆಯೇ ಹೊಂಗೆಮರಕ್ಕೆ ಕಟ್ಟಿದ ಪೆಟ್ಟಿಗೆಗೆ ಬಂದು, ಅಲ್ಲಿಂದ ಫೋನಿನಲ್ಲಿ ಗೆರೆಯಾಗಿ ಮೂಡುತ್ತಿತ್ತು. ದಿನವೂ ಹೋಗಿ ಉಡದ ಸಮೀಪ ಕೂರುತ್ತಿದ್ದೆ. ಅದು ಓಡುತ್ತಿರಲಿಲ್ಲ, ಅಲುಗುತ್ತಲೂ ಇರಲಿಲ್ಲ. ನನ್ನ ಗುರುತು ಹತ್ತಿದೆ, ಅಕ್ಕರೆಯೂ ಇದ್ದೀತು ಎಂದು ಉಬ್ಬಿಹೋಗಿ ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು!

ಒಂದು ದಿನ ವಿದ್ಯಾರ್ಥಿಗಳನ್ನೂ ಕರೆದೊಯ್ದೆ. ದುದ್ದದ ಕಡೆಯ ಹುಡುಗಿ ಸವಿತಾ ಫೋನು ಹಿಡಿದು ಮರದಡಿ ನಿಂತಿದ್ದಳು. ನಾನು ಉಡದತ್ತ ಹೋಗಿ ಬಂದೆ.

"ಸಾರ್, ನೀವು ಅದ್ರತ್ರಕ್ಕೋದ್ರೆ ಬಡಿತ ಏರ್ತದೆ, ಈಚೆಗೆ ಬಂದ್ರೆ ಇಳೀತದೆ. ಅದ್ಕೆ ನಿಮ್ಮನ್ ಕಂಡ್ರೆ ಭಯ ಅನ್ಸುತ್ತೆ."

"ಬಿಸಿಲಿಗೆ ಏರೋದು ಕಣಮ್ಮ ಅದು. ಮೊದ್ಲು ಗೆರೆ ಓದೋದು ಕಲಿ," ಎಂದು ಗದರಿದೆ.

ಹುಲ್ಲು ಕುಯ್ಯುತ್ತಿದ್ದ ಜವರಮ್ಮ ತಲೆ ಎತ್ತಿದರು. "ಬಿಸ್ಲು ಎಲ್ಲದೆ ಮೇಷ್ಟ್ರೇ? ಬೆಳಿಗ್ಗೆಯಿಂದ ಮೋಡ ಕಟ್ಕಂಡದೆ. ಸುಮ್ಕೆ ಕೂತದೆ ಅಂದ್ರೆ ಎದ್ರಿಕೊಂಡದೆ, ಅಷ್ಟೇಯ."

ಹುಡುಗರು ನಕ್ಕಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ, ಒಬ್ಬರೂ ನಗಲಿಲ್ಲ. ನಾನೋ, ಭಂಡತನಕ್ಕೆ ಬಿದ್ದು, ದಾಖಲೆಯ ಪುಸ್ತಕದಲ್ಲಿ 'ಬಿಸಿಲು' ಎಂದೇ ಬರೆದೆ. ಬಿಸಿಲಿಗೆ ಸರೀಸೃಪಗಳ ಎದೆಬಡಿತ ಏರುವುದು ನಿಜ, ಆದರೆ ಒಂದು ನಿಜವನ್ನು ಮುಂದೆ ಹಿಡಿದು ಸುಳ್ಳು ಹೇಳುವ ವಿದ್ಯೆಯನ್ನು ನಾನು ಯಾವಾಗ ಕಲಿತೆನೋ ತಿಳಿಯದು.

ಆಮೇಲೆ ಸವಿತಾ ತರಗತಿಯಲ್ಲಿ ಕೈ ಎತ್ತಲಿಲ್ಲ. ನಾನು ಒಳಗೆ ಕಾಲಿಟ್ಟೊಡನೆ ಇಡೀ ತರಗತಿ ತುಟಿಪಿಟಕ್ಕೆನ್ನದೆ ಕೂರುವುದನ್ನು ಇಷ್ಟು ವರ್ಷ ಗೌರವವೆಂದು ಎಣಿಸಿ, ಆ ಗೌರವದಲ್ಲಿ ಮೀಸೆ ತಿರುವುತ್ತಾ ಪಾಠ ಮಾಡಿದ್ದೆನಲ್ಲ, ಥೂ, ನೆನೆದರೆ ಮೈಯೆಲ್ಲ ಹಿಡಿಯಾಗುತ್ತದೆ.

ಮೊನ್ನೆ ಉಡ ಪೊರೆ ಬಿಟ್ಟಾಗ ಯಂತ್ರವೂ ಕಳಚಿ ಬಿದ್ದಿತ್ತು. ಜವರಮ್ಮ ಕಾಗದದಲ್ಲಿ ಸುತ್ತಿ ಕಳಿಸಿದರು. ಈ ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟುಕೊಂಡೇ ತರಗತಿಗೆ ಹೋಗಿ, ಸವಿತಾಳ ಬೆಂಚಿನ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ: "ಅವತ್ತು ಬಿಸಿಲಿರಲಿಲ್ಲ. ನೀನು ಹೇಳಿದ್ದೇ ಸರಿ. ತಪ್ಪು ನಂದು ಕಣಮ್ಮ."

ಅವಳು ಎದ್ದು ನಿಂತಳು. "ಗೊತ್ತಿತ್ತು ಸಾರ್," ಎಂದಳು, ತಲೆ ಎತ್ತದೆ. ಅವಳ ಕೈಯಲ್ಲಿದ್ದ ನೋಟ್‌ಬುಕ್ಕಿನ ಅಂಚು ಸಣ್ಣಗೆ ನಡುಗುತ್ತಿತ್ತು.

ಯಂತ್ರ ಅಂಗೈಯಲ್ಲೇ ಇತ್ತು. ಅವಳ ಎದೆಬಡಿತ ಅರಿಯಲು ಅದರ ಅಗತ್ಯ ಬೀಳಲಿಲ್ಲ. ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತೆ.