ಸೊಪ್ಪು ಹಾಕುವ ಹೊತ್ತು

“ಬಾವಿಗೆ ಬಿದ್ದು ಸತ್ತೋಳು ನಾನೇ ಅಲ್ವೇನವ್ವಾ?”

ನಾನು ಕಥೆ ಓದಿ ಮುಗಿಸುತ್ತಿದ್ದಂತೆ ಪಕ್ಕದ ಮನೆಯ ಮಾದಮ್ಮತ್ತೆ ಕೇಳಿದರು. ಗಂಡ ಬಿಟ್ಟುಹೋದ ಅವರ ಬದುಕನ್ನೇ ಹೆಸರು ಬದಲಿಸಿ ಬರೆದಿದ್ದೆ. ಅದು ೧೯೭೦ರ ಆಸುಪಾಸು, ನಮ್ಮ ಧನಗೆರೆಯಲ್ಲಿ ನಾನು ಕಥೆ ಬರೆಯಲು ಕಲಿಯತೊಡಗಿ ವರ್ಷ ತುಂಬಿತ್ತು. ಕಥೆ ಮುಗಿಸುವುದು ಹೇಗೆಂದು ತಿಳಿಯದೆ ನಾಯಕಿಯರನ್ನೆಲ್ಲ ಬಾವಿಗೆ ತಳ್ಳುತ್ತಿದ್ದೆ.

ಅತ್ತೆ ಸಿಟ್ಟಾಗಲಿಲ್ಲ. ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಲೇ ಹೇಳಿದರು: “ಬಾವಿ ತಾವ್ಕೆ ನಾನೂ ಓಗಿದ್ದೆ ಕಣವ್ವ. ರೇಷ್ಮೆ ಉಳಕ್ಕೆ ಸೊಪ್ಪಾಕೋ ಒತ್ತಾಯ್ತು ಅಂತ ವಾಪಸ್ ಬಂದ್ಬುಟ್ಟೆ.”

ಆ ಕಥೆಯ ಕೊನೆಯನ್ನು ಅಂದೇ ಬದಲಿಸಿದೆ. ಈಗಲೂ ಕಥೆ ಬರೆಯುವಾಗ ನನ್ನ ಹೆಂಗಸರಿಗೆ ಮನೆಯಲ್ಲಿ ಏನಾದರೊಂದು ಕೆಲಸ ಬಾಕಿ ಇಟ್ಟಿರುತ್ತೇನೆ.