ಕೂದಲು ನೋಡುವ ನಸೀಮಾ ಮೇಡಂ

ಎಲ್ಲರೂ ಮುಖ ನೋಡಿ ಗುರುತು ಹಿಡಿದರೆ ನಮ್ಮ ನಸೀಮಾ ಮೇಡಂ ಹೆರಳು ನೋಡಿ ಗುರುತು ಹಿಡಿಯುತ್ತಿದ್ದರು. ಲಿಂಗಂಪಲ್ಲಿಯ ನಮ್ಮ ತಗಡಿನ ಶೆಡ್ಡುಗಳ ಸಾಲಿಗೆ ಬಂದರೆಂದರೆ, ನಳದ ಹತ್ತಿರ ಬಗ್ಗಿ ನಿಂತವಳನ್ನೂ ಹಿಂದಿನಿಂದಲೇ ಹೆಸರು ಹಿಡಿದು ಕರೆಯುವರು. ಬೀದರ ಕಡೆಯವರು, ನಮ್ಮ ಮಾತು ಚಲೋ ಬರುತ್ತಿತ್ತು. ಜನರ ಕೂದಲು ಒಯ್ದು, ಮೈಯೊಳಗೆ ಯಾವ ರಾಸಾಯನಿಕ ಸೇರಿದೆ ಎಂದು ಮಷೀನಿನಲ್ಲಿ ನೋಡುವುದು ಅವರ ಕೆಲಸ.

ಆಗ ಊರ ತುಂಬ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡ ಏಳುತ್ತಿದ್ದವು. ನನ್ನ ಮಗ, ಸೊಸೆ ಮಾದೇವಿ ಅಲ್ಲೇ ಗಾರೆ ಕೆಲಸಕ್ಕೆ ದುಡಿಯುತ್ತಿದ್ದರು. ಮಾದೇವಿಗೆ ಎರಡು ಸಲ ಬಸಿರು ನಿಂತೂ ಇಳಿದು ಹೋಗಿತ್ತು. ಮತ್ತೆ ಬಸಿರಾದಾಗ ನಾನು ಉಸಿರು ಬಿಗಿಹಿಡಿದು ದಿನ ನೂಕುತ್ತಿದ್ದೆ. ಅಂಥಾದ್ದರಲ್ಲಿ ಈ ಮೇಡಂ ಕತ್ತರಿ ಹಿಡಿದು ಬಂದರು! ಬಸುರಿಯ ಕೂದಲಿಗೆ ಕತ್ತರಿ ಹಚ್ಚುವುದುಂಟೇ? ಕೂದಲಿಗೆ ಬದಲು ಭಾಂಡೆ ಪಾತ್ರೆ ಕೊಡುವವಳಿಗೆ ಹಾಕಲೆಂದು ಬಾಗಿಲ ಸಂದಿಯಲ್ಲಿ ಕೂಡಿಟ್ಟಿದ್ದ, ಬಾಚಿ ಉದುರಿದ ಕೂದಲ ಉಂಡೆಯನ್ನೇ ಅವರ ಕೈಗಿಟ್ಟೆ.

"ಏನಿದು ಆಯಿ, ಖಿಚಡಿ!" ಎಂದು ನಕ್ಕರು. "ಇದರಾಗ ಬುಡ ಯಾವುದು, ತುದಿ ಯಾವುದು? ಬುಡದಾಗ ಈಗಿನ ತಿಂಗಳ ಇರ್ತಾವ, ಕೆಳಗ ಹೋದಂಗ ಹಿಂದಿನ ತಿಂಗಳ. ಮತ್ತ ಇದರಾಗ ಅರ್ಧ ನಿಮ್ಮ ಬೆಳ್ಳನ ಕೂದಲ!"

ಕೂದಲಿನಲ್ಲಿ ತಿಂಗಳುಗಳಿರುತ್ತವೆಯೇ!

ಮಾದೇವಿ ಬೆನ್ನು ತಿರುಗಿಸಿ ಕೂತಳು. "ಅತ್ತಿ, ಎರಡ ಕೂಸು ಹೋದವು. ನಾಕ ಎಳಿ ಕೂದಲ ಹೋದ್ರ ಹೋಗಲಿ ಬಿಡ್ರಿ."

ಮೇಡಂ ಆದರೂ ಕತ್ತರಿ ಎತ್ತಲಿಲ್ಲ. "ಮೊದಲ ಆಯಿ ಹೂಂ ಅನ್ನಲಿ."

ನಾನೇ ಎಳೆ ಹಿಡಿದೆ. ಮೇಡಂ ತಲೆಗೆ ಹತ್ತಿದಂತೆ ಕತ್ತರಿಸಿ, ಬುಡಕ್ಕೆ ದಾರ ಕಟ್ಟಿ, ಬೆಳ್ಳಿ ಬಣ್ಣದ ಹಾಳೆಯಲ್ಲಿ ಸುತ್ತಿದರು. ಕೂಸಿಗೆ ಕುಲಾಯಿ ಕಟ್ಟಿದಷ್ಟು ನಾಜೂಕು.

ಕೆಲವು ವಾರದ ಮೇಲೆ ಬಂದು ಹೇಳಿದರು: "ಪ್ಲಾಸ್ಟಿಕ್ಕಿನಿಂದ ಬರೋ ರಾಸಾಯನಿಕ ಭಾಳ ಕಂಡೈತಿ. ಮೈಯಾಗ ಹಾರ್ಮೋನು ಅಂತ ಇರ್ತಾವ ಆಯಿ, ಅಲ್ಲಿಂದಿಲ್ಲಿಗೆ ಸುದ್ದಿ ಒಯ್ಯೋವು. ಇದು ನಡುವ ಹೊಕ್ಕು ಸುದ್ದಿ ಕೆಡಸ್ತೈತಿ."

"ಅದಕ್ಕ ಬಸರ ಹೋದವೇನ್ರಿ?"

"ಸುಳ್ಳ ಹೇಳಂಗಿಲ್ಲ. ಅದು ಕೂದಲದಾಗ ತಿಳಿಯಂಗಿಲ್ಲ. ಮೈಗೆ ಏನು ಬಂದೈತಿ, ಅಷ್ಟ ತಿಳಿತೈತಿ. ಬಿಸಿಬಿಸಿದು ಪ್ಲಾಸ್ಟಿಕ್ಕಿನಾಗ ಏನು ತಗೋತೀರಿ?"

ಇನ್ನೇನು, ಚಹಾ! ಹೋಟೆಲಿನಿಂದ ಕುದಿಕುದಿಯುವ ಚಹಾ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿಸಿಕೊಂಡು ಕಟ್ಟಡದ ಮಾಳಿಗೆ ಏರುತ್ತಿತ್ತು. ಮಾರನೇ ದಿನದಿಂದ ನಾನೇ ಸ್ಟೀಲಿನ ಡಬ್ಬಿಯಲ್ಲಿ ಒಯ್ದೆ. "ಬೇಗಂ ಸಾಹೇಬರ ಚಹಾ ಬಂತು, ಹಾದಿ ಬಿಡ್ರೋ!" ಎಂದು ಮೇಸ್ತ್ರಿ ಕಾಡುತ್ತಿದ್ದ. ಕಾಡಲಿ! ಮುಂದೆ ಮೇಡಂ ಹೊಸದಾಗಿ ಬೆಳೆದ ಕೂದಲು ನೋಡಿ, "ಕಮ್ಮಿ ಆಗೈತಿ ಆಯಿ" ಎಂದರು. ಕಣ್ಣಿಗೆ ಕಾಣದ್ದನ್ನು ಒಂದು ಎಳೆಯಲ್ಲಿ ಕಾಣುವ ಹೆಣ್ಣುಮಗಳು!

ಮೊಮ್ಮಗಳು ಹುಟ್ಟಿದಳು. ಡಬ್ಬಿಯ ಚಹಾದಿಂದ ಅಂತ ಮೇಡಂ ಎಂದೂ ಅನ್ನಲಿಲ್ಲ. ನಾನಂತೂ ಸಾಲಿಗೆಲ್ಲ ಸಕ್ಕರೆ ಹಂಚಿದೆ.

ತಮಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕು ಹೊರಟ ದಿನ ಮೇಡಂ ನಮ್ಮನ್ನು ನೋಡಲು ಬಂದರು. ಹೊರಗೆ ಅವರನ್ನು ನಾಂಪಲ್ಲಿ ಸ್ಟೇಷನ್ನಿಗೆ ಒಯ್ಯುವ ಆಟೋ ಹಾರ್ನ್ ಹೊಡೆಯುತ್ತಿತ್ತು. "ಕೂಸಿನ ಜವಳ ತೆಗೆದಾಗ ದೇವರಿಗೆ ಕೊಡೋದರಾಗ ನಿಮಗೂ ಒಂದ ಎಳಿ ತಗದಿಡ್ತೀನ್ರಿ" ಎಂದೆ.

"ಇವತ್ತ ಕೂದಲ ಬ್ಯಾಡ ಆಯಿ, ಕೂಸು ಕೊಡ್ರಿ."

ಎತ್ತಿಕೊಂಡದ್ದೇ ತಡ, ಕೂಸು ಅವರ ಜಡೆಗೇ ಕೈ ಹಾಕಿತು. ಬಿಡಿಸಲು ಹೋದೆ.

"ಬಿಡಸಬ್ಯಾಡ್ರಿ," ಎಂದರು ಮೇಡಂ. ನಗುತ್ತಲೇ ಕಣ್ಣು ತುಂಬಿದ್ದವು. "ಎಷ್ಟು ಗಟ್ಟಿ ಹಿಡದಾಳ ನೋಡ್ರಿ! ಹಿಡೀಲಿ."

ಆಟೋದವನು ಹಾರ್ನ್ ಹೊಡೆದೇ ಹೊಡೆದ. ಕೂಸು ಬಿಡಲಿಲ್ಲ.