ಹಣೆಯ ಮೇಲಿನ ಹಸಿರು ಅಂಕಿ

ಎಂಬತ್ತರ ದಶಕದಲ್ಲಿ ಪೀಣ್ಯದ ಒಂದು ನರ್ಸಿಂಗ್ ಹೋಮಿನಲ್ಲಿ ನನ್ನ ಗರ್ಭಕೋಶ ತೆಗೆದರು. ಆ ನೋವು ಮರೆತಿದ್ದೇನೆ. ಅಲ್ಲಿನ ಚಳಿಯನ್ನು ಮರೆತಿಲ್ಲ, ಮರೆಯುವ ಮನಸ್ಸೂ ಇಲ್ಲ.

ಹಿಂದಿನ ದಿನ ಅರಿವಳಿಕೆ ಡಾಕ್ಟರು ನಮಗೆ ಒಂದು ಕರಿ ಪಟ್ಟಿ ತೋರಿಸಿದ್ದರು. ವಿದೇಶದಿಂದ ತರಿಸಿದ್ದಂತೆ. ಹಣೆಗೆ ಅಂಟಿಸಿದರೆ ಸಾಕು, ಮೈ ಎಷ್ಟು ಬಿಸಿಯಿದೆಯೋ ಆ ಅಂಕಿ ಹಸಿರಾಗಿ ಹೊಳೆಯುತ್ತದೆ. "ಬಾಯಿಗಿಡೋದು, ಒಳಗೆ ತೂರಿಸೋದು ಏನೂ ಬೇಡ ನೋಡಿ," ಎಂದರು. ಸರ್ಕಾರಿ ಕಾರ್ಖಾನೆಯಲ್ಲಿದ್ದ ನನ್ನ ಗಂಡ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಮೆಚ್ಚಿಕೊಂಡರು. ಯಂತ್ರ ಅಂದರೆ ಅವರಿಗೆ ಹೆಂಡತಿಗಿಂತ ಹೆಚ್ಚು ನಂಬಿಕೆ.

ಬೆಳಿಗ್ಗೆ ಥಿಯೇಟರಿನ ಬಾಗಿಲಲ್ಲಿ ನರ್ಸ್ ಸ್ಪಿರಿಟ್ ಹತ್ತಿ ಹಿಡಿದು ನನ್ನ ಹಣೆ ಒರೆಸಲು ಬಂದಳು. ಮಾಕಳಿಯಿಂದ ಬಂದಿದ್ದ ನಮ್ಮ ಅತ್ತೆ ಅವಳ ಕೈ ಹಿಡಿದರು.

"ಮುತ್ತೈದೆ ಅಣೆ ಬೋಳು ಮಾಡ್ಬ್ಯಾಡ ಕಣವ್ವ. ಕುಂಕುಮ ಇಲ್ದೆ ಒಳಕ್ಕೆ ಕಳ್ಸಾಕಿಲ್ಲ."

ಮೇಣ ಸವರಿ ಅದರ ಮೇಲೆ ಕಾಸಗಲ ಕುಂಕುಮ ಇಡುತ್ತಿದ್ದ ಕಾಲ. ಅಂದು ಅತ್ತೆ ತಾವೇ ಕೂತು ಇನ್ನಷ್ಟು ದಪ್ಪಗೆ ಮೆತ್ತಿದ್ದರು. ಆ ನರ್ಸೂ ಮದುವೆಯಾದವಳೇ. ಮುತ್ತೈದೆಯ ಕುಂಕುಮ ಅಳಿಸುವ ಪಾಪ ಅವಳಿಗೂ ಬೇಡವಾಗಿತ್ತು. "ಆಯ್ತು ಬಿಡಿ ಅಜ್ಜಿ," ಎಂದು ಕುಂಕುಮದ ಮೇಲೆಯೇ ಪಟ್ಟಿ ಇಟ್ಟು, ಅದು ಜಾರಿದಾಗ ಎರಡೂ ತುದಿಗೆ ಪ್ಲಾಸ್ಟರ್ ಹಾಕಿದಳು. ಪಟ್ಟಿ ಹಣೆಗೆ ತಾಗದೆ ಮೇಣದ ಮೇಲೆ ಎತ್ತಿಕೊಂಡು ನಿಂತಿತು. ಹಣೆ ನನ್ನದಾದರೂ ನನ್ನನ್ನು ಯಾರೂ ಕೇಳಲಿಲ್ಲ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಸೊಂಟದ ಕೆಳಗೆ ಮಾತ್ರ ಜೋಮು, ಎಚ್ಚರವಾಗಿಯೇ ಇದ್ದೆ. ಆಪರೇಷನ್ ಮಾಡುವ ದೊಡ್ಡ ಡಾಕ್ಟರಿಗೆ ಸೆಕೆಯಾಗಬಾರದೆಂದು ಏಸಿ ಹಾಕಿದ್ದರು. ಅರಿವಳಿಕೆ ಡಾಕ್ಟರು ಪಟ್ಟಿ ಓದಲೆಂದು ನನ್ನ ಮುಖದ ಮೇಲೊಂದು ದೀಪ ಬಗ್ಗಿಸಿಕೊಂಡಿದ್ದರು. ಮೊದಲು ಭುಜ ನಡುಗಿತು, ಆಮೇಲೆ ಹಲ್ಲು.

"ಸಾರ್, ಚಳಿ ಆಗ್ತಿದೆ. ತಡ್ಕೊಳಕ್ಕೆ ಆಗ್ತಿಲ್ಲ."

"ಇಲ್ಲಮ್ಮ, ಟೆಂಪರೇಚರ್ ನಾರ್ಮಲ್ ಇದೆ. ಹೆದರಿಕೆ ಅಷ್ಟೇ."

ಮತ್ತೆ ಹೇಳಿದೆ. ಮತ್ತೆ ಪಟ್ಟಿ ನೋಡಿದರು. ಅದೇ ಅಂಕಿ. ಹಸಿರು. ನನ್ನ ಕೈ ಮುಟ್ಟಿ ನೋಡಿದ್ದರೆ ಸಾಕಿತ್ತು. ಅದು ಅವರ ಪಕ್ಕದಲ್ಲೇ ಹಲಗೆಗೆ ಕಟ್ಟಿಸಿಕೊಂಡು ಬಿದ್ದಿತ್ತು. ಆ ಹಸಿರು ಅಂಕಿ ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

"ಸತ್ತೋಗ್ತೀನಿ ಸಾರ್," ಎಂದೆ.

"ಇವರಿಗೆ ನಿದ್ದೆ ಬರೋಕೆ ಏನಾದ್ರೂ ಕೊಟ್ಬಿಡಿ," ಎಂದರು ದೊಡ್ಡ ಡಾಕ್ಟರು. ಹಾಗೆ ನನ್ನ ಬಾಯಿ ಮುಚ್ಚಿಸಿದರು.

ಎಚ್ಚರವಾದಾಗ ವಾರ್ಡಿನಲ್ಲಿದ್ದೆ. ನನ್ನ ನಡುಕಕ್ಕೆ ಮಂಚವೇ ಅಲುಗುತ್ತಿತ್ತು. ನರ್ಸ್ ಕಂಕುಳಲ್ಲಿಟ್ಟ ಥರ್ಮಾಮೀಟರಿನಲ್ಲಿ ಪಾದರಸ ಮೊದಲ ಗೆರೆಯನ್ನೂ ಮುಟ್ಟಲಿಲ್ಲ. ಕೆಟ್ಟಿರಬೇಕೆಂದು ಇನ್ನೊಂದು ತಂದಳು. ಅದೂ ಹಾಗೆಯೇ. ಅವಳ ಮುಖ ಬಿಳಿಚಿಕೊಂಡಿತು. ಹಣೆಯ ಪಟ್ಟಿ ಕಿತ್ತಳು. ಮೇಣ, ಕುಂಕುಮ ಎಲ್ಲ ಅದರ ಜೊತೆಗೇ ಬಂತು. ಥಿಯೇಟರಿನಲ್ಲಿ ಅಷ್ಟು ಹೊತ್ತೂ ಅದು ತೋರಿಸಿದ್ದು ದೀಪದ ಬಿಸಿಯನ್ನು, ನನ್ನದನ್ನಲ್ಲ.

"ಕಂಬಳಿ ತರ್ತೀನಿ. ಅಲ್ಲೀವರೆಗೂ ನಿಮ್ಮ ಶಾಲು ಹೊದಿಸಿ ಅಜ್ಜಿ," ಎಂದು ಓಡಿದಳು.

ಅತ್ತೆಯ ಹೆಗಲ ಮೇಲೆ ಉಣ್ಣೆಯ ಶಾಲಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಹಲ್ಲು ಕಟ್ಟಿ ಮಾತು ಹೊರಡಲಿಲ್ಲ. ಅವರು ನನ್ನ ಹಣೆ ನೋಡಿದರು. "ಬೋಳಾಗೋಯ್ತಲ್ಲ," ಎಂದು ಚೀಲಕ್ಕೆ ಕೈ ಹಾಕಿ ಕುಂಕುಮದ ಭರಣಿ ಹುಡುಕತೊಡಗಿದರು. ನಡುಗುತ್ತಿದ್ದ ತಲೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಮೇಣ ಸವರಿದರು, ಕುಂಕುಮ ಇಟ್ಟರು, ಮೂಗಿನ ಮೇಲೆ ಉದುರಿದ್ದನ್ನು ಒರೆಸಿದರು. ಶಾಲು ಹೊದಿಸಿದ್ದು ಆಮೇಲೆ.